ಅವಸರದ ಕಾರು, ನಿಧಾನದ ಮಾವ

"ಮಾವನನ್ನು ಬಾಡಿಗೆ ಗಾಡಿಯಲ್ಲಿ ಕಳಿಸೋದೇ? ನನ್ನ ಕಾರು ಎತ್ತಿನ ಹಾಗೆ ನಡೆಯುತ್ತೆ, ನೋಡ್ತಿರು!" ಎಂದು ರುಫೀನೊ ಎದೆ ತಟ್ಟಿಕೊಂಡ.

ಹೆಂಡತಿ ಸುನಿಲ್ದಾ ಅಪ್ಪನ ಶವದ ಪಕ್ಕದಲ್ಲಿ ಕುಳಿತಿದ್ದಳು. ಅತ್ತು ಅತ್ತು ದನಿ ಬಿದ್ದಿತ್ತು, ನಾಲಿಗೆಯ ಮೊನೆ ಮಾತ್ರ ಹಾಗೇ ಇತ್ತು.

"ನಿನ್ನ ಕಾರು ನಿಂತಲ್ಲೇ ಚೀರುತ್ತೆ. ಅಪ್ಪ ಕೇಳಿದ್ದು ಒಂದೇ. ತನಗೆ ತಣ್ಣನೆಯ ತೆರೆರೆ ಚಹಾ ಕುಡಿಸಿದ ಮನೆಗಳ ಗೇಟಿನ ಮುಂದೆಲ್ಲ ನಿಂತು, ಹೇಳಿ ಹೋಗಬೇಕು ಅಂತ. ನೆನಪಿದೆ ತಾನೆ?"

"ಹೊರಡೋದ್ರೊಳಗೆ ಅದರ ಬಾಯಿ ಮುಚ್ಚಿಸ್ತೀನಿ!"

ಪರಾಗ್ವೆಯ ಆ ಕೆಂಪು ಮಣ್ಣಿನ ಊರಿನ ಎಷ್ಟೋ ಕಾರುಗಳಂತೆ ಇದೂ ಜಪಾನಿನಲ್ಲಿ ಸವೆದು ಬಂದ ಪೆಟ್ರೋಲ್ ಕಾರು. ಬಲಗಡೆಯ ಸ್ಟೀರಿಂಗು, ಪೆಡಲುಗಳನ್ನು ಕಿತ್ತು ಎಡಕ್ಕೆ ಕೂರಿಸಿ ಮಾರಿದ್ದರು. ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ಬೆಟ್ಟ ಹತ್ತುವಂತೆ ಅಬ್ಬರಿಸುತ್ತಿತ್ತು. ರುಫೀನೊ ರಾಜವೈದ್ಯನ ಗಾಂಭೀರ್ಯದಿಂದ ಬಾನೆಟ್ ಎತ್ತಿದ. ಎಲ್ಲೋ ಗಾಳಿ ಸೇರುತ್ತಿದೆಯೆಂದು ಕೊಳವೆಗಳಿಗೆಲ್ಲ ಸೋಪಿನ ನೀರು ಎರಚಿದ. ಎಂಜಿನ್ನಿಗೆ ಸ್ನಾನವಾಯಿತು, ಸದ್ದು ಇಳಿಯಲಿಲ್ಲ. ಪ್ಲಗ್ ಬದಲಿಸಿದ. ಗಾಳಿ ಹೋಗುವ ದಾರಿಯ ಮಸಿ ತಿಕ್ಕಿದ. ಒಂದೊಂದು ಚಿಕಿತ್ಸೆಗೂ ರೋಗಿ ಇನ್ನಷ್ಟು ಗಟ್ಟಿಯಾಗಿ ಕೂಗಿತು!

ಅಷ್ಟರಲ್ಲಿ ಪಾದ್ರಿ ಬಂದರು. ಹಿಂದಿನ ಸೀಟು ಮಡಚಿ ಶವದ ಪೆಟ್ಟಿಗೆ ಇಟ್ಟರು. ಜನ ಜಪಮಾಲೆ ಹಿಡಿದು ಹಿಂದೆ ನಡೆದರು.

ಮೊದಲ ಗೇಟು ಮಾವ ಎಲಿಹಿಯೊನ ಗೆಳೆಯ ಪಾನ್ಫಿಲೊನದು. ಮುದುಕ ಪೆಟ್ಟಿಗೆಯ ಮೇಲೆ ಕೈಯಿಟ್ಟು ಏನೋ ಹೇಳಿದ. ಎಂಜಿನ್ನಿನ ಚೀರಾಟದಲ್ಲಿ ಒಂದಕ್ಷರವೂ ಕೇಳಲಿಲ್ಲ.

"ಏನಂದ್ರಿ?" ರುಫೀನೊ ಕೂಗಿದ.

"ನಿನಗಲ್ಲವೋ ಹೇಳಿದ್ದು!"

ಆರಿಸಿದರೆ ಮತ್ತೆ ಹತ್ತದೆಂಬ ಭಯಕ್ಕೆ ರುಫೀನೊ ಹಾಗೇ ಮುಂದೆ ಸಾಗಿದ. ಬ್ರೇಕ್ ಒತ್ತಿ ಒತ್ತಿ ಕಾಲು ನಡುಗಿತು, ಸುಟ್ಟ ವಾಸನೆ ಎದ್ದಿತು. ಇಳಿಜಾರಿನಲ್ಲಿ ಕಾರು ಅವನ ಮಾತನ್ನೇ ಕೇಳಲಿಲ್ಲ. ಜಪ ಹಿಂದೆಲ್ಲೋ ಉಳಿಯಿತು. ಟೋಪಿ ತೆಗೆದು, ಫ್ಲಾಸ್ಕ್ ಹಿಡಿದು ಗೇಟುಗಳಲ್ಲಿ ಕಾದು ನಿಂತವರಿಗೆಲ್ಲ ಮಾವ ಧೂಳೆರಚಿ ಹೋದ!

ಸ್ಮಶಾನದ ಏರಿನಲ್ಲಿ ಅಂತೂ ಕಾರು ಚೀರುತ್ತಲೇ ನಿಂತಿತು. ಅಲ್ಲಿ ಅವನು, ಮಾವ, ಒಂದಿಷ್ಟು ಗಾಳಿ. ಅಳುವ ಮುಖ ಮಾವನಿಗೂ ಕಾಣದಿರಲೆಂದು ರುಫೀನೊ ಬಾನೆಟ್ ಎತ್ತಿದ. ಚೀರಾಟದ ಕಾರಣ ಕಣ್ಣೆದುರಿಗೇ ಇತ್ತು. ಆಕ್ಸಿಲರೇಟರ್ ಪೆಡಲನ್ನು ಎಡಕ್ಕೆ ಸಾಗಿಸಿದವರು ಅದರ ಹಳೆಯ ಗಿಡ್ಡ ಕೇಬಲ್ಲನ್ನೇ ಅಲ್ಲಿಯವರೆಗೆ ಜಗ್ಗಿ ಕಟ್ಟಿದ್ದರು. ಬಟ್ಟೆ ಒಣಹಾಕುವ ತಂತಿಯಂತೆ ಬಿಗಿದು, ಯಾರೂ ತುಳಿಯದೆಯೇ ಅದು ಎಂಜಿನ್ನನ್ನು ಎಳೆಯುತ್ತಿತ್ತು. ನಟ್ಟು ಸಡಿಲಿಸಿದ. ಅತ್ತು ಸುಸ್ತಾದ ಮಗುವಿನಂತೆ ಎಂಜಿನ್ ದನಿ ತಗ್ಗಿಸಿತು.

ಮೈಯೆಲ್ಲ ಕೆಂಪು ಧೂಳಾಗಿ ಸುನಿಲ್ದಾ ಏದುಸಿರು ಬಿಡುತ್ತ ಬಂದಳು.

"ಸಿಕ್ತು ಕಣೇ! ಕೇಬಲ್..."

"ಅಪ್ಪ ಬದುಕಿದ್ದಾಗ ಒಂದು ಭಾನುವಾರವೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಾರದವನು ನೀನು! ಮಣ್ಣು ಮಾಡೋಕೆ ಮಾತ್ರ ಇಷ್ಟು ಅವಸರವಾ?" ಅವಳ ದನಿ ಒಡೆಯಿತು. "ಸರಿಯಾಯ್ತಾ ಈಗ?"

"ಆಯ್ತು."

"ಹಾಗಾದ್ರೆ ತಿರುಗಿಸು. ಮೊದಲನೇ ಗೇಟಿಂದ ಶುರು."

ಪಾನ್ಫಿಲೊನ ಗೇಟಿನ ಮುಂದೆ ಕಾರು ಎತ್ತಿನಂತೆಯೇ ಬಂದು ನಿಂತಿತು. ಸಡಿಲಿಸಿದ್ದು ಹೆಚ್ಚಾಗಿತ್ತೋ ಏನೋ, ಒಮ್ಮೆ ನಡುಗಿ ಆರಿಯೇಹೋಯಿತು. ಬೀದಿಯಲ್ಲಿ ಎಲೆ ಅಲುಗಿದ್ದೂ ಕೇಳುವಷ್ಟು ಮೌನ. ರುಫೀನೊ ತಲೆ ಬಾಗಿಸಿದ. ಮುದುಕ ಮತ್ತೆ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಆಗ ಹೇಳಿದ್ದನ್ನೇ ಹೇಳಿದ:

"ಎಲಿಹಿಯೊ, ಬಡ್ಕೊಂಡೆನಲ್ಲೋ, ಈ ಅಳಿಯನ ಕಾರು ಮಾತ್ರ ಹತ್ತಬೇಡ ಅಂತ!"