ವಾರವಿಡೀ ಟೀಸಿ, ಭಾನುವಾರ ಬೈಜಾಂಟೈನ್

ನನಗೆ ಇಂಥವು ಆಗುತ್ತಲೇ ಇರುತ್ತವೆ. ಏನೂ ಆಗದೆ ಒಂದು ವಾರ ಕಳೆದರೆ, ಮೈ ಹುಷಾರಿಲ್ಲವೇನೋ ಅಂತ ಹೆಂಡತಿ ಹಣೆ ಮುಟ್ಟಿ ನೋಡುತ್ತಾಳೆ.

ನಾನು ಹುಣಸೂರಿನಲ್ಲಿ ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವ ವರ್ಕ್‌ಶಾಪಿನ ಮೇಲ್ವಿಚಾರಕ. ನಮ್ಮ ಕಡೆ ಅದಕ್ಕೆ ಟೀಸಿ ಅನ್ನುತ್ತಾರೆ. ಎಲ್ಲಿ ಸುಟ್ಟರೂ ಮಳೆ ಬಿಸಿಲು ಅನ್ನದೆ ಓಡಬೇಕು. ಹಿಂದೆ ಸೈಪ್ರಸ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗ ಅಲ್ಲಿನ ಇಗರ್ಜಿಯೊಂದರಲ್ಲಿ ಒಬ್ಬ ಮುದುಕರು ನನಗೆ ಬೈಜಾಂಟೈನ್ ಅನ್ನುವ ಹಳೇ ಗ್ರೀಕ್ ಪ್ರಾರ್ಥನಾ ಗಾಯನ ಕಲಿಸಿದರು. ವಾದ್ಯವಿಲ್ಲ, ಬರೀ ಗಂಟಲು. ಒಬ್ಬ ಹಾಡುತ್ತಿದ್ದರೆ ಉಳಿದವರು ಕೆಳಗೆ ಒಂದೇ ಸ್ವರ ಹಿಡಿದು ಗುಂಯ್ ಅಂತ ನಿಲ್ಲಬೇಕು. ಅದೇ ಧಾಟಿಗೆ ಕನ್ನಡದ ಮಾತು ಕೂರಿಸಿ, ಎಚ್.ಡಿ. ಕೋಟೆ ದಾಟಿ ಅಂತರಸಂತೆ ದಾರಿಯಲ್ಲಿರುವ ನಮ್ಮ ಪುಟ್ಟ ಇಗರ್ಜಿಯಲ್ಲಿ ಭಾನುವಾರ ಕಲಿಸುತ್ತೇನೆ. ಸುಸ್ತಾಗಿದೆ. ಆದರೂ ಕಲಿಸುತ್ತೇನೆ.

ಇನ್ನೂ ಓಗಿಲ್ವಾ?

ಸಾಲಿಗ್ರಾಮದ ಹತ್ತಿರ ಗದ್ದೆ ಬದುವಿನಲ್ಲಿ ಟೀಸಿ ಮುಚ್ಚಳ ಬಿಚ್ಚುತ್ತಿದ್ದೆ. ಗದ್ದೆಯ ಯಜಮಾನರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನನ್ನ ವಂಶಾವಳಿ ವಿಚಾರಿಸುತ್ತಿದ್ದರು.

"ಭಾನ್ವಾರ ರಜಾನಾ ಸಾ?"

"ಎಲ್ಲಿಯ ರಜ. ಬೈಜಾಂಟೈನ್ ಇರುತ್ತೆ."

ಅವರು ಕೂತಂತೆಯೇ ಒಂದು ಮಾರು ಹಿಂದಕ್ಕೆ ಸರಿದರು. ಹೆಗಲ ಮೇಲಿನ ಟವಲ್ಲು ಮೂಗಿಗೆ ಬಂತು.

"ಇನ್ನೂ ಓಗಿಲ್ವಾ ಅದು? ಟೀವೀಲಿ ಏನೂ ಯೋಳ್ನಿಲ್ವಲ್ಲ!"

"ಅದು ಕ್ವಾರಂಟೈನ್ ಯಜಮಾನ್ರೇ. ಇದು ಹಾಡು. ಒಂದಷ್ಟು ಜನ ಒಂದೇ ಕಡೆ ಒತ್ತಾಗಿ ನಿಂತು, ಬಾಯಿ ದೊಡ್ಡದಾಗಿ ತೆಗೆದು..."

"ಬ್ಯಾಡ, ಬುಡಿ ಸಾ. ಅಲ್ಲೇ ಇರಿ ನೀವು."

ಕಾಫಿ ತರುತ್ತಿದ್ದ ಮಗಳನ್ನು ದಾರಿಯಲ್ಲೇ ಕೂಗಿ ನಿಲ್ಲಿಸಿದರು. ಕಾಫಿಯ ಬದಲು ಮೆಣಸು, ಶುಂಠಿ ಅರೆದ ಕಷಾಯ ಬಂತು. ಪೂರ್ತಿ ಕುಡಿಯುವ ತನಕ ಬಿಡಲಿಲ್ಲ. ಆ ಖಾರಕ್ಕೆ ಗಂಟಲು ಕಟ್ಟಿಕೊಂಡು, ಆ ಭಾನುವಾರ ಯಾರ ಹತ್ತಿರಕ್ಕೂ ಹೋಗದೆ ಮನೆಯಲ್ಲೇ ಒಬ್ಬನೇ ಕೂತಿದ್ದೆ. ಕೊನೆಗೂ ಯಜಮಾನರ ಮಾತೇ ನಿಜವಾಯಿತು.

ಭಾವ ಇರಲಿ

ಪಿರಿಯಾಪಟ್ಟಣದ ಕಡೆ, ತಂಬಾಕು ಒಣಗಿಸುವ ಬ್ಯಾರನ್ನುಗಳ ಸಾಲಿನ ಹಿಂದೆ ಒಂದು ಕಂಬ. ಲೈನ್ ಆಫ್ ಮಾಡಿಸಿ, ನಿವೃತ್ತಿಗೆ ಹತ್ತಿರವಾಗಿದ್ದ ನಮ್ಮ ಲೈನ್‌ಮ್ಯಾನನ್ನು ಮೇಲೆ ಹತ್ತಿಸಿದ್ದೆ. ಅಷ್ಟರಲ್ಲಿ ಫೋನು. ಕೆ.ಆರ್. ನಗರದಲ್ಲಿ ನರ್ಸ್ ಆಗಿರುವ ನನ್ನ ಶಿಷ್ಯೆ. ಕಿವಿಗೆ ಇಯರ್‌ಫೋನಿನ ವೈರು ಸಿಕ್ಕಿಸಿಕೊಂಡು, ಕಂಬಕ್ಕೆ ಬೆನ್ನು ಹಾಕಿ ನಿಂತೆ.

"ಸಾರ್, 'ಕರುಣಿಸು' ಅನ್ನೋ ಕಡೆ ಸ್ವರ ಹತ್ತಬೇಕಾ, ಇಳೀಬೇಕಾ?"

"ಇಳಿ," ಅಂದೆ. ಆಕೆ ಹಾಡಿದಳು.

"ಇನ್ನೂ ಇಳಿ. ಪೂರ್ತಿ ಇಳಿ. ಹಾಂ, ಈಗ ಹತ್ತು. ಅಷ್ಟು ಜೋರಾಗಿ ಅಲ್ಲ, ಮೆಲ್ಲಗೆ ಹತ್ತು. ತಪ್ಪು, ಮತ್ತೆ ಇಳಿ. ಜಾರಿಕೊಂಡು ಇಳಿ, ದೊಪ್ ಅಂತ ಬೀಳಬೇಡ. ಅಲ್ಲೇ ನಿಲ್ಲು. ಭಾವ ಇರಲಿ. ಭಾವ ಇರಲಿ!"

ಹಿಂದಿನಿಂದ ಏದುಸಿರು ಕೇಳಿಸಿತು. ತಿರುಗಿ ನೋಡಿದರೆ ಲೈನ್‌ಮ್ಯಾನ್ ಕಂಬದ ನಡುವೆ ಕಂಬವನ್ನೇ ತಬ್ಬಿಕೊಂಡು ಬೆವರುತ್ತಿದ್ದಾನೆ.

"ಸಾ, ಇಳಿ ಅಂದ್ರೆ ಇಳೀತೀನಿ, ಅತ್ತು ಅಂದ್ರೆ ಅತ್ತೀನಿ. ಕಂಬ ತಬ್ಕೊಂಡು ಭಾವ ಎಲ್ಲಿಂದ ತರ್ಲಿ, ಅದೊಂದ್ ಯೋಳಿ!"

ಲೆಕ್ಕ ತಪ್ಪುವ ಹಾಡು

ನಮ್ಮ ವರ್ಕ್‌ಶಾಪಿನಲ್ಲಿ ಕಾಯಿಲ್‌ಗೆ ತಾಮ್ರದ ತಂತಿ ಸುತ್ತುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತೇವೆ. ಅವರು ಸುತ್ತಿದ ಕಾಯಿಲ್ ವಾಪಸ್ ಬಂದದ್ದೇ ಇಲ್ಲ. ಒಂದು ಸಲ ಬಂತು. ಸುತ್ತಿನ ಲೆಕ್ಕ ತಪ್ಪಿತ್ತು.

"ಏನು ಉಸ್ತಾದ್, ಹೀಗಾಯ್ತಲ್ಲ?"

"ನಿಮ್ದೇ ತಪ್ಪು ಸಾಬ್. ನಾನು ಸುತ್ತೋವಾಗ ನೀವು ಪಕ್ಕದಲ್ಲಿ ಗುನುಗ್ತಾ ಇದ್ರಿ. ದಿಲ್ ಎಲ್ಲಾ ಆ ಕಡೆ ಹೋಗ್ಬಿಡ್ತು."

ಇಷ್ಟು ವರ್ಷದಲ್ಲಿ ನನ್ನ ಹಾಡಿಗೆ ಮನಸ್ಸು ಕೊಟ್ಟ ಮೊದಲ ಮನುಷ್ಯ. ಬೈಯಲು ಬಂದವನು ಅಲ್ಲೇ ಸ್ಟೂಲು ಎಳೆದುಕೊಂಡು ಕೂತೆ. "ಅಷ್ಟು ಇಷ್ಟ ಆಯ್ತಾ?"

"ಇಷ್ಟ ಅಲ್ಲ ಸಾಬ್. ಈಗ ಮುಗೀತದೆ, ಈಗ ಮುಗೀತದೆ ಅಂತ ಕಾದು ಕಾದು ಲೆಕ್ಕ ಹೋಯ್ತು."

ಕೈ ಸನ್ನೆ

ನಮ್ಮ ಇಗರ್ಜಿಯ ಹಿರಿಯರಿಗೆ ಈ ಗಾಯನ ಬೇಸರವಾಗಿತ್ತು. "ಒಂದು ಕೀಬೋರ್ಡ್ ತಂದ್ಬುಡುವ, ಜನ ಬತ್ತಾರೆ," ಅನ್ನುತ್ತಿದ್ದರು. ನಮ್ಮ ಹಬ್ಬದ ದಿನ ಮೈಸೂರಿನಿಂದ ಬರುವ ದೊಡ್ಡ ಗುರುಗಳು ಕೇಳಿ ತೀರ್ಮಾನ ಹೇಳಲಿ ಅಂತ ಮಾತಾಯಿತು. ನನಗೆ ನಿದ್ದೆ ಹೋಯಿತು. ಶಿಷ್ಯರಿಗೆ ಒಂದೇ ಮಾತನ್ನು ಹೇಳಿ ಹೇಳಿ ತಲೆಗೆ ತುಂಬಿದೆ: "ಏನೇ ಆಗಲಿ, ನಾನು ಕೈ ಸನ್ನೆ ಮಾಡುವ ತನಕ ನಿಲ್ಲಿಸಬೇಡಿ."

ಹಬ್ಬದ ದಿನ ಕಪ್ಪು ನಿಲುವಂಗಿ ತೊಟ್ಟು ಶುರುಮಾಡಿದೆ. "ಕರ್ತನೇ, ಕರುಣಿಸು" ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಎಲ್ಲರೂ ದೇವರನ್ನು ಬಿಟ್ಟು ನನ್ನನ್ನು ನೋಡಿದರು. ಹಿರಿಯರೊಬ್ಬರು ಬಂದು ಕಿವಿಯಲ್ಲಿ, "ಟೀಸಿಯೋರು ನೀವೇ ಅಲ್ವಾ? ಒಸಿ ನೋಡ್ಬುಡಿ. ಗುರುಗಳು ಬೆವರ್ತಾವ್ರೆ," ಅಂದರು.

ನಿಲುವಂಗಿ ಎತ್ತಿ ಕಟ್ಟಿ, ರಸ್ತೆಯ ಆಚೆಗಿನ ಟೀಸಿಗೆ ಓಡಿದೆ. ಫ್ಯೂಸ್ ಹೋಗಿತ್ತು. ಅದನ್ನು ಕಟ್ಟುವಾಗ ಕೋಟೆ ಬಸ್ಸು ನಿಧಾನ ಮಾಡಿತು. ಕಿಟಕಿಯಿಂದ ಒಬ್ಬಾಕೆ ನನಗೆ ಕೈ ಮುಗಿದಳು.

ವಾಪಸ್ ಬಂದರೆ ಶಿಷ್ಯರು ಇನ್ನೂ "ಕರುಣಿಸು, ಕರುಣಿಸು" ಅನ್ನುತ್ತಲೇ ಇದ್ದಾರೆ. ನಿಲ್ಲಿಸಲು ಸನ್ನೆ ಮಾಡುವವನು ಕಂಬದ ಹತ್ತಿರ ಇದ್ದನಲ್ಲ! ಗುರುಗಳು ಸನ್ನೆ ಮಾಡಿದ್ದರಂತೆ. ನಮ್ಮ ಮೇಷ್ಟ್ರ ಕೈ ಅಲ್ಲ ಅಂತ ಇವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಜ್ಜಿಯರು ಮಂಡಿ ಹಿಡಿದು ನಿಂತಿದ್ದರು. ಕೈ ಎತ್ತಿದೆ. ನಿಂತಿತು. ಎಲ್ಲರೂ ಉಸಿರು ಬಿಟ್ಟರು.

ನನ್ನ ತರಗತಿ ಮುಗಿಯಿತು ಅಂದುಕೊಂಡೆ. ಊಟದ ಹೊತ್ತಿಗೆ ಗುರುಗಳು ಹಿರಿಯರಿಗೆ ಹೇಳಿದರು: "ಇದೇ ಇರಲಿ. ಕರೆಂಟು ಹೋದರೆ ಕೀಬೋರ್ಡು ನಿಂತುಬಿಡುತ್ತೆ."

ಹಿರಿಯರು ಸಾರು ಬಡಿಸಿಕೊಳ್ಳುತ್ತಾ ನಿಟ್ಟುಸಿರು ಬಿಟ್ಟರು. "ನಾವೂ ಅದ್ಕೇ ಸ್ವಾಮಿ ಕೇಳಿದ್ದು, ಕೀಬೋರ್ಡು."

ಸೌಂಡು

ಕೆಳಗಿನ ಆ ಒಂದೇ ಸ್ವರ ಮನೆಗೆ ಹೋದರೆ ಮರೆತುಹೋಗುತ್ತೆ ಅಂತ ಶಿಷ್ಯರ ದೂರು. ಒಂದು ಸಂಜೆ ಹಿತ್ತಲಲ್ಲಿ ಕೂತು, ಉಸಿರು ಇರುವಷ್ಟೂ ಹೊತ್ತು ಬಾಯಿ ಮುಚ್ಚಿ ಆ ಸ್ವರ ಹಿಡಿದೆ. ಸರಿಯಾಗಿ ಬರುವ ತನಕ ಮತ್ತೆ ಮತ್ತೆ ಹಿಡಿದು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಫೋನನ್ನು ಚಾರ್ಜಿಗೆ ಹಾಕಿ, ಸ್ನಾನ ಮಾಡಿ, ಉಣ್ಣಲು ಕೂತೆ.

ಅದು ಹೋದದ್ದು ಶಿಷ್ಯರ ಗುಂಪಿಗಲ್ಲ. 'ಟೀಸಿ ಕಂಪ್ಲೇಂಟ್' ಗುಂಪಿಗೆ. ಸುತ್ತಲಿನ ತಾಲ್ಲೂಕುಗಳ ಲೈನ್‌ಮ್ಯಾನುಗಳು, ಇಂಜಿನಿಯರು, ಎಲ್ಲರೂ ಇರುವ ಗುಂಪು. ಆಮೇಲೆ ಓದಿದೆ.

"ಒಳಗೆ ಕೋರ್ ಲೂಸ್ ಆಗೈತೆ. ಬೋಲ್ಟ್ ಬಿಗಿ ಮಾಡಿ," ಅಂತ ಒಬ್ಬ.

"ಎಣ್ಣೆ ಕಮ್ಮಿ ಆಗದೆ," ಇನ್ನೊಬ್ಬ.

"ಕೊನೇಲಿ ನಡುಗ್ತದಲ್ಲ, ಇನ್ನೇನ್ ಓಯ್ತದೆ ಅದು." ಆ ನಡುಕ, ನಾನು ತುಂಬಾ ಕಷ್ಟಪಟ್ಟು ಕಲಿತಿದ್ದ ಗಮಕ.

ಕೊನೆಗೆ ಇಂಜಿನಿಯರು: "ತುಂಬಾ ಹಳೆಯದು. ರಿಪೇರಿ ದಂಡ. ಯಾವ ಊರು ತಿಳಿಸಿ."

ನಾನು ತಿಳಿಸಲಿಲ್ಲ. ಫೋನೂ ಎತ್ತಲಿಲ್ಲ. ಟೀಸಿ ಹತ್ತಿರವೇ ನನಗೆ ಶಾಕ್ ಹೊಡೆದಿರಬೇಕು ಅಂತ ಗಾಬರಿಯಾಗಿ, ಇಬ್ಬರು ಎಣ್ಣೆ ಡಬ್ಬ, ಸ್ಪ್ಯಾನರ್ ಸಮೇತ ಜೀಪಿನಲ್ಲಿ, ಆ ಟೀಸಿ ಎಲ್ಲಿದೆ ಅಂತ ಕೇಳಲು ನಮ್ಮ ಮನೆಗೇ ಓಡಿ ಬಂದರು. ಹೆಂಡತಿ ಬಾಗಿಲು ತೆಗೆದಳು. ಪಾಪ, ಸಂಜೆಯಿಂದ ಆ ಸ್ವರವನ್ನು ಕೇಳಿ ಕೇಳಿ ತಲೆ ಹಿಡಿದುಕೊಂಡಿದ್ದಳು.

"ಅಮ್ಮಾ, ಸಾಯೇಬ್ರು ಆಡಿಯೋ ಕಳ್ಸಿದ್ರು. ಆ ಸೌಂಡ್ ಮಾಡ್ತಿರೋದು ಎಲ್ಲೈತೆ?"

"ಒಳಗೆ ಕೂತ್ಕೊಂಡು ಮುದ್ದೆ ನುಂಗ್ತಾ ಇದೆ," ಅಂದಳು. "ತಗೊಂಡು ಹೋಗ್ರಪ್ಪಾ. ವಾಪಸ್ ತರೋಕೆ ಏನೂ ಅವಸರ ಇಲ್ಲ."