ಲಾಂಬರ್ಟ್‌ನ ಸಿಟ್ಟಿನ ಬಲಗೈ

ಲಾಂಬರ್ಟ್‌ನ ಬಲಗೈ ಬಿಚ್ಚಿಕೊಳ್ಳುತ್ತಿದ್ದುದು ತಮ್ಮನ ಮೇಲಿನ ಸಿಟ್ಟಿನಿಂದ. ಈ ಗುಟ್ಟನ್ನು ಪಾಪ, ಅವನು ಯಾರಿಗೂ ಹೇಳಿರಲಿಲ್ಲ.

ಪಾರ್ಶ್ವವಾಯು ಹೊಡೆದ ಮೇಲೆ ಆ ಕೈ ಮುಷ್ಟಿಯಾಗಿಯೇ ಉಳಿದಿತ್ತು. ಗ್ರಾಟ್ಸ್ ನಗರದ ಆಸ್ಪತ್ರೆಯಲ್ಲಿ ದಿನವೂ ತಲೆಗೆ ತಂತಿಗಳ ಟೋಪಿ, ಕೈಗೆ ಯಂತ್ರದ ಗವಸು ಹಾಕುತ್ತಿದ್ದರು. ಅವನು ಮನಸ್ಸಿನಲ್ಲೇ ಕೈ ಬಿಚ್ಚಬೇಕು. ಅದನ್ನು ಟೋಪಿ ಹಿಡಿದು ಗವಸಿಗೆ ತಿಳಿಸಬೇಕು. ಗವಸು ಬೆರಳು ಬಿಡಿಸಬೇಕು. ವಾರಗಟ್ಟಲೆ ಹೆಣಗಿದರೂ ಗವಸು ಮಿಸುಕಲಿಲ್ಲ. ಒಂದು ದಿನ ಬೇಸತ್ತು, ತನ್ನ ಪೇರ್ ಹಣ್ಣಿನ ಮರ ಕಡಿಸಿದ ತಮ್ಮ ಸೆವೆರಿನ್‌ನ ಕೆನ್ನೆಗೆ ಬಾರಿಸುವುದನ್ನು ನೆನೆದ. ಬೆರಳುಗಳು ಪಟಪಟನೆ ಬಿಚ್ಚಿಕೊಂಡವು.

"ಅದೇನು ನೆನೆದ್ರಿ?" ಎಂದು ಕೇಳಿದಳು, ಚಿಕಿತ್ಸೆ ಕೊಡುವ ವೆರೆನಾ.

"ಹೂದೋಟ" ಎಂದುಬಿಟ್ಟ.

ಪಕ್ಕದ ಹಾಸಿಗೆಯ ರೂಪರ್ಟ್ ನಿವೃತ್ತ ಮೇಷ್ಟ್ರು. ಇನ್ನೊಬ್ಬರ ವಿಷಯಕ್ಕೆ ತಲೆ ಹಾಕದಿದ್ದರೆ ಅವರಿಗೆ ಊಟ ಸೇರದು. ಅಣ್ಣ ತಮ್ಮಂದಿರ ಜಗಳ ಕಿವಿಗೆ ಬಿದ್ದದ್ದೇ, ಒಂದು ಬೆಳಿಗ್ಗೆ ಅವರು ಹೇಳಿದರು:

"ನಿಮ್ಮ ತಮ್ಮಂಗೆ ಫೋನ್ ಮಾಡಿದೀನಿ. ಮಧ್ಯಾಹ್ನ ಬರ್ತಾರೆ. ಕೈ ಕುಲುಕಿ ರಾಜಿಯಾಗ್ಬಿಡಿ."

"ನಿಮ್ಮನ್ನ ಯಾರ್ರೀ ಕೇಳಿದ್ರು?" ಎಂದು ಗದರಿದರೂ ಲಾಂಬರ್ಟ್ ಎಡಗೈಯಿಂದಲೇ ಗಡ್ಡ ಹೆರೆದುಕೊಂಡ. ತಮ್ಮನೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅವನಿಗೂ ಸಾಕಾಗಿತ್ತು.

ಟೋಪಿ, ಗವಸು ಹಾಕಿ ಕೂರಿಸಿದ್ದಾಗಲೇ ಸೆವೆರಿನ್ ಬಂದ. ಸಸಿ ನೆಟ್ಟ ಮಣ್ಣಿನ ಕುಂಡ ಒಳಗೆ ಬೇಡವೆಂದು ನರ್ಸ್ ತಡೆದಿದ್ದರಿಂದ ಅದನ್ನು ಕೋಟಿನೊಳಗೆ ಬಚ್ಚಿಟ್ಟು ತಂದಿದ್ದ. ಕಾಲರಿನಿಂದ ಎರಡು ಪೇರ್ ಎಲೆಗಳು ಇಣುಕುತ್ತಿದ್ದವು.

"ತಪ್ಪಾಯ್ತು ಅಣ್ಣಾ. ಆ ಮರ ಕಡಿಸ್ಬಾರದಿತ್ತು" ಎಂದು ಬಲಗೈ ಚಾಚಿದ.

ಮುಷ್ಟಿ ಬಿಚ್ಚಲೆಂದು ಲಾಂಬರ್ಟ್ ಗಡಿಬಿಡಿಯಲ್ಲಿ ತಮ್ಮನ ಕೆನ್ನೆಗೆ ಬಾರಿಸುವುದನ್ನು ನೆನೆದ. ಆದರೆ ಕಣ್ಣಿಗೆ ಬಿದ್ದದ್ದು ಆ ಎಲೆಗಳು, ತಮ್ಮನ ನರೆತ ತಲೆ. ಎಷ್ಟು ತಡಕಿದರೂ ಸಿಟ್ಟು ಸಿಗಲಿಲ್ಲ, ಮುಷ್ಟಿ ಬಿಚ್ಚಲಿಲ್ಲ.

"ಬೆಳಿಗ್ಗೆ ಚೆನ್ನಾಗಿ ಬಿಚ್ತಿತ್ತು ಕಣ್ರೀ!" ಎಂದರು ಮೇಷ್ಟ್ರು. "ಮನಸ್ಸು ಮಾಡಿದ್ರೆ ಸಾಕು, ತಾನಾಗೇ ಬಿಚ್ಕೊಳ್ಳುತ್ತೆ."

ಲಾಂಬರ್ಟ್ ಆತುರದಲ್ಲಿ ಎಡಗೈ ಚಾಚಿದ. ಸೆವೆರಿನ್‌ನ ಮುಖ ಕಪ್ಪಿಟ್ಟಿತು.

"ರಾಜಿಗೆ ಎಡಗೈ ಕೊಡ್ತೀಯಾ? ಮನಸ್ಸಿಲ್ಲ ಅಂತ ಬಾಯಿಬಿಟ್ಟೇ ಹೇಳ್ಬಹುದಿತ್ತು."

"ಹಾಗಲ್ಲ ಕಣೋ! ನಿನ್ನ ಕೆನ್ನೆಗೆ ಹೊಡೀಬೇಕು ಅನ್ಕೊಂಡ್ರೆ ಮಾತ್ರ ಇದು..."

"ಕೇಳಿದ್ದು ಸಾಕು!"

ಗಿಡದ ಸಮೇತ ಹೊರಟೇಬಿಟ್ಟ. ಬಾಗಿಲು ದಡಾರನೆ ಮುಚ್ಚಿತು.

ಲಾಂಬರ್ಟ್ ಏಳಹೋದ, ತಂತಿಗಳು ಬಿಡಲಿಲ್ಲ. ಪೂರ್ತಿ ಕೇಳಿಸಿಕೊಳ್ಳದೆ ಹೋದನಲ್ಲ, ಹೋಗಿ ಕೆನ್ನೆಗೊಂದು ಬಿಗಿಯಬೇಕು ಎನ್ನಿಸಿತು. ಐದೂ ಬೆರಳುಗಳು ಹಿಂದೆಂದೂ ಇಲ್ಲದಷ್ಟು ಅಗಲವಾಗಿ ಬಿಚ್ಚಿಕೊಂಡವು.

"ಬಿಚ್ತು!" ವೆರೆನಾ ಚಪ್ಪಾಳೆ ತಟ್ಟಿದಳು. "ಹೂದೋಟಾನೇ ನೆನೆದ್ರಾ?"

"ಹೂಂ" ಎಂದು ಲಾಂಬರ್ಟ್ ಎಡಗೈಯಿಂದ ಕಣ್ಣೊರೆಸಿಕೊಂಡ.