ಮ್ಯಾಗ ನಾನ್!

ಇಡೀ ಗದಗ-ಬೆಟಗೇರಿಯಲ್ಲಿ ಒಬ್ಬರಿಗೂ ಸರಿಯಾಗಿ ಕತ್ತು ವಾಲಿಸಲು ಬರುವುದಿಲ್ಲ ಎಂಬುದು ನಮ್ಮ ಸೋದರಮಾವನ ತಕರಾರಾಗಿತ್ತು! ಗೌರವಕ್ಕಲ್ಲ, ಭೌತಶಾಸ್ತ್ರಕ್ಕೆ. ಆ ತಕರಾರು ಈಗ ಯಾರ ಕಿವಿಗೂ ಬೀಳುವುದಿಲ್ಲ. ಅದು ಆಮೇಲೆ.

ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು ಬೆಟಗೇರಿಯ ಮನೆಯ ಮಾಳಿಗೆ ಹತ್ತಿದ. ಅಲ್ಲಿ ಓದಿದ್ದು ಒಂದೇ ಪರಮಾಣುವಿನಷ್ಟು ದಪ್ಪದ ಅಯಸ್ಕಾಂತದ ಹಾಳೆಗಳ ಬಗ್ಗೆ. ಅದರಲ್ಲಿ ಪರಮಾಣುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತವಂತೆ. ಒಂದು ಚೂರು ವಾಲಿದರೆ ಪಕ್ಕದ್ದೂ ವಾಲುತ್ತದೆ, ಅದರ ಪಕ್ಕದ್ದೂ. ಯಾರೂ ಜಾಗ ಬಿಡುವುದಿಲ್ಲ, ವಾಲಾಟ ಮಾತ್ರ ಅಲೆಯಾಗಿ ಸಾಗುತ್ತದೆ. ಆ ಅಲೆ ಯಾರೊಬ್ಬರದೂ ಅಲ್ಲ, ಎಲ್ಲರದು. ಹೆಸರು ಮ್ಯಾಗ್ನಾನ್.

ಹೆಸರು ಕೇಳಿ ಅತ್ತೆ ಸೌಟು ಕೆಳಗಿಟ್ಟಳು. "ಮ್ಯಾಗ ನಾನ್? ಮ್ಯಾಗ ನೀವಾದ್ರ ಕೆಳಗ ದುಡಿಯಾಕ ನಾನ?"

ಅಂದಿನಿಂದ ಮಾಳಿಗೆಯಲ್ಲಿ ಸದ್ದಾದರೆ ಸಾಕು, ಒಲೆಯ ಮುಂದಿನಿಂದ ಕೂಗು: "ಮ್ಯಾಗ ಯಾರ್ರೀ?"

ಮೇಲಿನಿಂದ ಉತ್ತರ: "ಮ್ಯಾಗ ನಾನ್!"

ಒಮ್ಮೆ ರೊಟ್ಟಿಯನ್ನು ಬೆಳಕಿಗೆ ಹಿಡಿದು ನಿಟ್ಟುಸಿರಿಟ್ಟ. "ಇದೇನ ತೆಳ್ಳಗ? ಇದ್ರಾಗ ಲಕ್ಷಗಟ್ಲೆ ಪದರ ಅದಾವ."

"ಹಂಗಾರ ಇವತ್ತ ಒಂದ ಪದರ ತಿಂದು ಏಳ್ರಿ!"

ಲಕ್ಷ್ಮೇಶ್ವರದ ಮದುವೆಯಲ್ಲಂತೂ (ಶಿರಹಟ್ಟಿಯದೋ? ನನ್ನ ನೆನಪು ಎರಡೂ ಹಂದರಗಳನ್ನು ಜೋಡಿಸಿ ಒಂದು ಮಾಡಿದೆ, ನಂಬಬೇಡಿ) ಊಟದ ಪಂಕ್ತಿಯನ್ನೇ ಅಯಸ್ಕಾಂತ ಮಾಡಿದ. "ಬಾಜೂದವ್ರು ವಾಲಿದ ಮ್ಯಾಲೆ ನೀವೂ ಚೂರು ವಾಲ್ರಿ. ಜಾಗಾ ಮಾತ್ರ ಬಿಡಬ್ಯಾಡ್ರಿ!" ಬುಂದಿ ಬರುವ ಮೊದಲು ಯಾರಾದರೂ ಜಾಗ ಬಿಡುತ್ತಾರೆಯೇ? ಅಲೆ ಚೆಂದಾಗಿ ಸಾಗಿತು. ಅಡರಕಟ್ಟಿಯ ಬೀಗರ ಬಳಿ ಬಂದು ನಿಂತೇಬಿಟ್ಟಿತು.

"ಯಾಕ ವಾಲಲಿಲ್ರೀ?"

"ಇವರ ಜೋಡಿ ನಂಗ ಮಾತಿಲ್ರೀ. ಹೊಲದ ಬದುವಿನ ತಂಟೆ ಐತಿ."

ಮಾವ ಚಪ್ಪಾಳೆ ತಟ್ಟಿದ. "ನೋಡ್ಲೇ! ಖರೇ ಹರಳಿನಾಗೂ ಹಿಂಗ ಒಂದು ದೋಷ ಇರ್ತೈತಿ!"

ಆದರೆ ಅಯಸ್ಕಾಂತದ ಅಷ್ಟು ತೆಳು ಹಾಳೆಯ ಗೋಳು ಬೇರೆಯೇ. ತುಸು ಬಿಸಿ ತಾಕಿದರೂ ಅಲೆಗಳೆದ್ದು ಶಿಸ್ತೆಲ್ಲ ಕುಸಿಯುತ್ತದೆ. ಒಂದೇ ದಿಕ್ಕಿನ ಹಟವಿರುವ ಹಾಳೆ ಮಾತ್ರ ತಡೆದುಕೊಳ್ಳುತ್ತದೆ. "ಹಟ ಬೇಕಲೇ, ಹಟ," ಎನ್ನುತ್ತಿದ್ದ.

ಹಟ ಸಾಲಲಿಲ್ಲ. ಲಕ್ವಾ ಹೊಡೆದು ಮಾವನ ಮಾತು ಹೋಯಿತು. ಮಾಳಿಗೆಯ ಹಾಸಿಗೆ ಕೆಳಗಿಳಿಯಿತು. ಮಾತು ಮರಳುವುದಿದ್ದರೆ ಕೆಲವು ತಿಂಗಳೊಳಗೆ ಎಂದಿದ್ದರು ಡಾಕ್ಟರು. ಆ ತಿಂಗಳುಗಳು ಕಳೆದವು. ನಮ್ಮ ಗುರುತಾದರೂ ಇದೆಯೇ? ಅದೂ ತಿಳಿಯದು. ಕಣ್ಣು ತೊಲೆಯ ಮೇಲೆ ನೆಟ್ಟಿರುತ್ತದೆ, ಅಷ್ಟೇ.

ಅತ್ತೆ ಮಾತ್ರ ದಿನಾ ಮಧ್ಯಾಹ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿಯ ಬಟ್ಟಲು ಹಿಡಿದು, ಖಾಲಿ ಮಾಳಿಗೆಯತ್ತ ಕೂಗುತ್ತಾಳೆ: "ಮ್ಯಾಗ ಯಾರ್ರೀ?"

ಮೊನ್ನೆ ನನಗೆ ತಡೆಯಲಾಗಲಿಲ್ಲ. "ಅತ್ತೀ, ಸಾಕ ಬಿಡು. ಮ್ಯಾಗ ಯಾರೂ ಇಲ್ಲ."

"ನಿನ್ನ ಕೇಳಿಲ್ಲಲೇ. ಸುಮ್ನ ಕುಂಡ್ರು."

ಉತ್ತರಕ್ಕೆ ಕಿವಿಗೊಟ್ಟು ಅವಳ ಕತ್ತು ತುಸು ವಾಲಿತು. ಎಷ್ಟೋ ಹೊತ್ತಿನ ಮೇಲೆ, ದಿಂಬಿನ ಮೇಲಿದ್ದ ಮಾವನ ಕತ್ತು, ಅವಳ ಕಡೆಗೆ, ಚೂರೇ ಚೂರು. ನಿಜವೋ, ನನ್ನ ನೆನಪಿನ ಹಳೆಯ ಚಾಳಿಯೋ? ಯಾರೂ ಇದ್ದ ಜಾಗ ಬಿಡಲಿಲ್ಲ. ಆಣೆ ಮಾಡಿ ಹೇಳಬಲ್ಲದ್ದು ಒಂದೇ: ಮೂರನೆಯದಾಗಿ ವಾಲಿದ್ದು ನನ್ನ ಕತ್ತು.